ಬೂಷ್ಟಿಗೆ ಸ್ಟೀರಾಯ್ಡ್ ಏಕೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಸಿಟ್ಟಿನಲ್ಲೇ ಪತ್ರ ಬರೆದಿದ್ದಾರೆ. ಅವರ ತಮ್ಮನಿಗೆ ಹಳೆಯ ದಮ್ಮು. ಈಚೆಗೆ ಕೆಮ್ಮಿದಾಗ ಕಂದು ಬಣ್ಣದ ಗಟ್ಟಿ ಕಫದ ತುಂಡುಗಳು ಬರತೊಡಗಿದವು. ವೈದ್ಯರು ಪರೀಕ್ಷೆ ಮಾಡಿಸಿ, ಶ್ವಾಸನಾಳದಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಇದೆ, ಅದರ ಅಲರ್ಜಿ ಎಂದು ಹೇಳಿ ಸ್ಟೀರಾಯ್ಡ್ ಬರೆದುಕೊಟ್ಟರಂತೆ. ‘ಸ್ಟೀರಾಯ್ಡ್ ತೆಗೆದುಕೊಂಡವರಿಗೇ ಬ್ಲ್ಯಾಕ್ ಫಂಗಸ್ ಬಂತು ಅಂತ 2021ರಲ್ಲಿ ಪತ್ರಿಕೆಯವರೇ ಬರೆದಿರಿ. ಈಗ ಫಂಗಸ್ ಇರುವವನಿಗೇ ಅದನ್ನು ಕೊಡುವುದು ಯಾವ ನ್ಯಾಯ? ಇಮ್ಯುನಿಟಿ ಹೆಚ್ಚಿಸುವ ಕಷಾಯವನ್ನಾದರೂ ಕೊಡಬಾರದೆ?’

ಕಷಾಯದ ವಿಚಾರಕ್ಕೆ ಆಮೇಲೆ ಬರುತ್ತೇನೆ. ಸ್ಟೀರಾಯ್ಡ್ ವಿಚಾರದಲ್ಲಿ ಅಂದಿನ ಪತ್ರಿಕೆಗಳೂ ಸರಿ, ಇಂದಿನ ವೈದ್ಯರೂ ಸರಿ. ಎರಡೂ ಹೇಗೆ ಸರಿ ಎಂದು ತಿಳಿಯಬೇಕಾದರೆ ಬೀಜಕಣದಿಂದಲೇ ಶುರುಮಾಡಬೇಕು.

ಆಸ್ಪರ್ಜಿಲಸ್ ಫ್ಯುಮಿಗೇಟಸ್ ಬೆಳೆಯದ ಜಾಗವೇ ಇಲ್ಲ. ಗೊಬ್ಬರದ ಗುಂಡಿ, ಒದ್ದೆ ಹುಲ್ಲು, ಕೊಳೆತ ತರಗೆಲೆ, ಎಲ್ಲೆಲ್ಲೂ ಇದೆ. ಅದರ ಬೀಜಕಣದ ಅಗಲ ಎರಡು ಮೂರು ಮೈಕ್ರಾನ್. ಒಂದು ಮಿಲಿಮೀಟರ್ ಉದ್ದಕ್ಕೆ ಮುನ್ನೂರಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಹಾಗಾಗಿ ಅದು ಮೂಗು ಗಂಟಲುಗಳನ್ನು ದಾಟಿ ನೇರವಾಗಿ ಶ್ವಾಸಕೋಶದ ಗಾಳಿಚೀಲಕ್ಕೇ ಇಳಿಯುತ್ತದೆ. ಇಂಥ ನೂರಾರು ಕಣಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತಿದ್ದೇವೆ. ಆದರೂ ನಮಗೆ ದಿನವೂ ನ್ಯುಮೋನಿಯ ಬರುವುದಿಲ್ಲ. ನನಗೆ ಬಹಳ ಇಷ್ಟವಾದ ಸಂಗತಿ ಇರುವುದು ಇಲ್ಲೇ.

ಬೂಷ್ಟು ಬಂದ ಬ್ರೆಡ್ಡಿನ ಹಸಿರು ಭಾಗದ ಮೇಲೆ ಒಂದು ತೊಟ್ಟು ನೀರು ಬಿಟ್ಟು ನೋಡಿ. (ಮೂಗು ಹತ್ತಿರ ಒಯ್ಯಬೇಡಿ, ದಮ್ಮು ಇರುವವರು ನೋಡುವುದೇ ಬೇಡ.) ನೀರು ಇಂಗುವುದಿಲ್ಲ, ಮಣಿಯ ಹಾಗೆ ನಿಲ್ಲುತ್ತದೆ. ಬೀಜಕಣಗಳ ಮೈಮೇಲೆ ಹೈಡ್ರೋಫೋಬಿನ್ ಎಂಬ ಪ್ರೋಟೀನಿನ ಪದರವಿದೆ. ಅದು ನೀರನ್ನು ಹತ್ತಿರ ಸೇರಿಸದು. ಗಾಳಿಯಲ್ಲಿ ತೇಲುವ ಕಣಕ್ಕೆ ಒಣಗಿರುವುದು ಅಗತ್ಯ, ಅದಕ್ಕೇ ಈ ಪದರ ಎಂದು ಎಲ್ಲರೂ ಸುಮ್ಮನಿದ್ದರು. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ತಂಡವೊಂದು 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೇರೆಯೇ ಕತೆ ಹೇಳಿತು. ಆ ಪ್ರಬಂಧದ ಮೊದಲ ಲೇಖಕರು ವಿಶುಕುಮಾರ್ ಐಮಣಿಯಂಡ. ಹೆಸರಿನ ಕೊನೆಯ ‘ಅಂಡ’ ಕೊಡಗು ಬಲ್ಲವರ ಕಿವಿಗೆ ಬೀಳದೆ ಇರದು. ಇವರು ಬೀಜಕಣಗಳನ್ನು ರಕ್ಷಣಾಕೋಶಗಳ ಜೊತೆ ಇಟ್ಟು ನೋಡಿದರು. ಕೋಶಗಳು ಕಣವನ್ನು ಮುಟ್ಟಿಯೂ ಕೆರಳಲಿಲ್ಲ. ರಾಸಾಯನಿಕದಿಂದ ಪದರ ಕಿತ್ತ ಕಣಗಳನ್ನು ಕೊಟ್ಟಾಗ ಅದೇ ಕೋಶಗಳು ರಾದ್ಧಾಂತ ಎಬ್ಬಿಸಿದವು. ಆ ಪ್ರೋಟೀನಿನ ಜೀನ್ ಇಲ್ಲದ ತಳಿಯನ್ನು ಕೊಟ್ಟಾಗಲೂ ಅಷ್ಟೆ. ನೀರು ತಡೆಯುವ ಪದರವೇ ಗುರುತು ಮರೆಸುವ ಪದರವೂ ಆಗಿತ್ತು!

ಇದು ಶಿಲೀಂಧ್ರದ ಮೋಸ ಎನ್ನಲು ನನಗೆ ಮನಸ್ಸಿಲ್ಲ. ಇದರಲ್ಲಿ ನಮ್ಮ ಲಾಭವೂ ಇದೆ. ಒಳಗೆ ಹೋದ ಪ್ರತಿ ಕಣಕ್ಕೂ ದೇಹ ಗಲಾಟೆ ಎಬ್ಬಿಸಿದ್ದರೆ ಶ್ವಾಸಕೋಶ ಸದಾ ಊದಿಕೊಂಡೇ ಇರುತ್ತಿತ್ತು. ಸುಮ್ಮನೆ ಬಿದ್ದಿರುವ ಕಣವನ್ನು ಗಾಳಿಚೀಲದ ಭಕ್ಷಕಕೋಶಗಳು ಸದ್ದಿಲ್ಲದೆ ನುಂಗಿ ಮುಗಿಸುತ್ತವೆ. ಕಣ ನೀರು ಹೀರಿ ಉಬ್ಬಿ ಮೊಳೆಯತೊಡಗಿದರೆ ಪದರ ಕಳಚುತ್ತದೆ, ಒಳಗಿನ ಬೀಟಾ ಗ್ಲುಕಾನ್ ಹೊರಗೆ ಕಾಣುತ್ತದೆ. ಅದನ್ನು ಗುರುತು ಹಿಡಿಯಲೆಂದೇ ನಮ್ಮ ಕೋಶಗಳ ಮೇಲೆ ಡೆಕ್ಟಿನ್-1 ಎಂಬ ಗ್ರಾಹಕವಿದೆ. ಆಗ ರಕ್ತದಿಂದ ನ್ಯೂಟ್ರೋಫಿಲ್‌ಗಳು ನುಗ್ಗಿ ಬರುತ್ತವೆ. ಅವು ತಯಾರಿಸುವ ವಿಷಗಳಲ್ಲಿ ಬ್ಲೀಚಿಂಗ್ ಪೌಡರಿನ ಕೆಲಸ ಮಾಡುವ ಹೈಪೋಕ್ಲೋರಸ್ ಆಮ್ಲವೂ ಸೇರಿದೆ. ಇದು ಶಿಲೀಂಧ್ರದ ಎಳೆ ಯಾವುದು, ಶ್ವಾಸಕೋಶದ ಗೋಡೆ ಯಾವುದು ಎಂದು ನೋಡುವುದಿಲ್ಲ.

ರಕ್ತಕ್ಯಾನ್ಸರಿನ ವಾರ್ಡಿನ ವೈದ್ಯರಿಗೆ ಇದು ಚೆನ್ನಾಗಿ ಗೊತ್ತು. ಕಿಮೋಥೆರಪಿಯಿಂದ ನ್ಯೂಟ್ರೋಫಿಲ್‌ಗಳು ನೆಲಕಚ್ಚಿದಾಗ ಆಸ್ಪರ್ಜಿಲಸ್ ರಕ್ತನಾಳಗಳಿಗೇ ನುಗ್ಗುತ್ತದೆ. ಆಮೇಲೆ ಅವುಗಳ ಸಂಖ್ಯೆ ಏರತೊಡಗಿತು, ಇನ್ನು ಭಯವಿಲ್ಲ ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಕೆಲವರ ಸ್ಥಿತಿ ಬಿಗಡಾಯಿಸುತ್ತದೆ: ಸತ್ತ ಅಂಗಾಂಶ ಕರಗಿ ಶ್ವಾಸಕೋಶದಲ್ಲಿ ಕುಳಿ ಬೀಳುತ್ತದೆ, ಕೆಮ್ಮಿನಲ್ಲಿ ರಕ್ತ ಬರುತ್ತದೆ. ರಕ್ಷಣೆ ಇಲ್ಲದಾಗ ಶಿಲೀಂಧ್ರ ಕೆಡಿಸಿತು, ರಕ್ಷಣೆ ಮರಳಿದಾಗ ಅದೂ ತನ್ನ ಪಾಲು ಕೆಡಿಸಿತು. 2021ರ ಬ್ಲ್ಯಾಕ್ ಫಂಗಸ್, ಅಂದರೆ ಮ್ಯೂಕರ್ ರೋಗ, ಇದರ ಮೊದಲರ್ಧಕ್ಕೆ ಸೇರಿದ್ದು. ಹಿಡಿತವಿಲ್ಲದ ಸಕ್ಕರೆ ಕಾಯಿಲೆ, ಅದರ ಮೇಲೆ ಸ್ಟೀರಾಯ್ಡ್, ಭಕ್ಷಕಕೋಶಗಳು ಕೈಚೆಲ್ಲಿದವು. ಅಂದಹಾಗೆ ಆ ಶಿಲೀಂಧ್ರ ಕಪ್ಪಗಿರಲಿಲ್ಲ. ರಕ್ತನಾಳ ಕಟ್ಟಿ ಸತ್ತುಹೋದ ನಮ್ಮದೇ ಮಾಂಸ ಕಪ್ಪಾಗಿ ಕಂಡದ್ದು.

ತೀರ್ಥಹಳ್ಳಿಯ ತಮ್ಮನದು ತದ್ವಿರುದ್ಧ ಪ್ರಕರಣ. ವೈದ್ಯರು ಎಬಿಪಿಎ ಎಂದು ಕರೆಯುವ ಈ ಕಾಯಿಲೆಯನ್ನು ಇಂಗ್ಲೆಂಡಿನಲ್ಲಿ 1952ರಲ್ಲಿ ಮೊದಲು ಗುರುತಿಸಿದರು. ಇದರಲ್ಲಿ ಶಿಲೀಂಧ್ರ ಅಂಗಾಂಶಕ್ಕೆ ನುಗ್ಗುವುದೇ ಇಲ್ಲ, ಶ್ವಾಸನಾಳದ ಕಫದಲ್ಲಿ ಒಂದಿಷ್ಟು ಬೆಳೆದುಕೊಂಡಿರುತ್ತದೆ. ಉಳಿದ ಹಾನಿಯನ್ನು ಮಾಡುವುದು ದೇಹವೇ, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಐಜಿಇ ಎಂಬ ಪ್ರತಿಕಾಯ ರಕ್ತದಲ್ಲಿ ಸಾವಿರಗಟ್ಟಲೆ ಯೂನಿಟ್ಟಿಗೆ ಏರುತ್ತದೆ, ಇಯೊಸಿನೊಫಿಲ್ ಕೋಶಗಳು ಮುತ್ತಿಕೊಳ್ಳುತ್ತವೆ, ಕಫ ಗಟ್ಟಿಯಾಗಿ ಬೆಣೆ ಹೊಡೆದಂತೆ ಕೂರುತ್ತದೆ, ನಾಳದ ಗೋಡೆ ಸಡಿಲವಾಗಿ ಹಿಗ್ಗಿ ಮತ್ತೆ ಮೊದಲಿನಂತಾಗುವುದಿಲ್ಲ. ಆ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ತುದಿ ಚೂಪಾದ ಹರಳುಗಳು ಕಾಣುತ್ತವೆ. ಸತ್ತ ಇಯೊಸಿನೊಫಿಲ್‌ಗಳ ಪ್ರೋಟೀನು ಹರಳುಗಟ್ಟಿದ್ದು. ಈ ಹರಳುಗಳು ಬರಿಯ ಕಸವಲ್ಲ, ತಾವೇ ಉರಿಯೂತವನ್ನು ಕೆರಳಿಸುತ್ತವೆ ಎಂದು ಬೆಲ್ಜಿಯಂನ ಸಂಶೋಧಕರು 2019ರಲ್ಲಿ ತೋರಿಸಿದರು.

ಇಂಥವರಿಗೆ ಸ್ಟೀರಾಯ್ಡ್ ಕೊಡುವುದು ಈ ಅತಿರೇಕವನ್ನು ತಣಿಸಲು. ಶಿಲೀಂಧ್ರವನ್ನೇ ತಗ್ಗಿಸುವ ದಾರಿಯೂ ಉಂಟು. ಚಂಡೀಗಢದ ಪಿಜಿಐ ವೈದ್ಯರು 131 ರೋಗಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಟೀರಾಯ್ಡ್ ಪಡೆದ ಎಲ್ಲರೂ ಚೇತರಿಸಿಕೊಂಡರು. ಶಿಲೀಂಧ್ರನಾಶಕ ಇಟ್ರಾಕೊನಜೋಲ್ ಪಡೆದವರಲ್ಲಿ ಚೇತರಿಸಿಕೊಂಡವರು ಶೇ. 88, ಆದರೆ ಅಡ್ಡಪರಿಣಾಮ ಕಡಿಮೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರು ರೋಗಿಯನ್ನು ನೋಡಿ ತೀರ್ಮಾನಿಸುತ್ತಾರೆ.

ಇನ್ನು ಕಷಾಯ. ಶುಂಠಿ ಮೆಣಸಿನ ಕಷಾಯ ಗಂಟಲಿಗೆ ಹಿತ, ನಾನೂ ಕುಡಿಯುತ್ತೇನೆ. ಆದರೆ ‘ಇಮ್ಯುನಿಟಿ ಬೂಸ್ಟರ್’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ರೋಗನಿರೋಧಕ ಶಕ್ತಿ ಎಂಬುದು ಟ್ಯಾಂಕಿಗೆ ತುಂಬುವ ಪೆಟ್ರೋಲಲ್ಲ. ನಿಮ್ಮ ತಮ್ಮನಲ್ಲಿ ಈಗಾಗಲೇ ಉಕ್ಕುತ್ತಿರುವುದೇ ಅದು. ಡಬ್ಬಿ ಹೇಳಿದ್ದು ನಿಜವಾದರೆ ಅವರಿಗೆ ಕೊಡಲೇಬಾರದು, ಸುಳ್ಳಾದರೆ ದುಡ್ಡು ದಂಡ. ಕೊರೊನಾ ಕಾಲದಲ್ಲಿ ಗುಜರಾತಿನಲ್ಲಿ ಇಮ್ಯುನಿಟಿಗೆಂದು ಸಗಣಿ ಬಳಿದುಕೊಂಡವರ ಸುದ್ದಿ ಓದಿದ್ದೀರಿ. ಸಗಣಿ ಶಿಲೀಂಧ್ರಗಳಿಗೆ ಹಬ್ಬದೂಟ.

ಮಾತ್ರೆಯನ್ನು ಹೇಳಿದಷ್ಟು ದಿನ ಕೊಡಿ, ಕೆಮ್ಮು ನಿಂತಿತೆಂದು ನೀವಾಗಿ ನಿಲ್ಲಿಸಬೇಡಿ, ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ಗೊಬ್ಬರ ಎತ್ತುವ ಕೆಲಸವನ್ನು ಬೇರೆಯವರಿಗೆ ಬಿಡಿ. ಐಜಿಇ ಲೆಕ್ಕ ಎಲ್ಲರಂತೆ ಆಗಲಿಲ್ಲ ಎಂದು ಗಾಬರಿಯೂ ಬೇಡ. ಈ ಕಾಯಿಲೆಯಲ್ಲಿ ಎಷ್ಟೋ ಮಂದಿಗೆ ಅದು ಪೂರ್ತಿ ಇಳಿಯುವುದೇ ಇಲ್ಲ. ವೈದ್ಯರು ನೋಡುವುದು ಮೊದಲಿಗಿಂತ ಎಷ್ಟು ತಗ್ಗಿತು, ಮತ್ತೆ ಏರಿತೇ ಎಂಬುದನ್ನು.