ಲೊಕೇಶನ್ ಹಾಕಿದ ಮೇಲೆ ಹಡ್ಲು ಯಾಕೆ?

ಇಂಟರ್ನೆಟ್ಟಿನಿಂದ ಕನ್ನಡ ಕೆಟ್ಟಿತು ಎನ್ನುವವರು ಬೆರಳು ತೋರಿಸುವುದು ಹೊಸದಾಗಿ ಬಂದ ಮಾತುಗಳ ಕಡೆಗೆ: ಬ್ರೋ, ಟ್ರೋಲ್, ಸ್ಟೇಟಸ್, ಫಾರ್ವರ್ಡ್. ಸಕಲೇಶಪುರ, ಆಲೂರಿನ ಕಾಫಿ ಸೀಮೆಯನ್ನು ನೋಡಿದರೆ ಈ ಭಯಕ್ಕೆ ಅಷ್ಟೇನೂ ಆಧಾರ ಕಾಣದು. ಕಾಫಿಯ ಬೆನ್ನಿಗೆ ಬಂದ ರೈಟರ್ (ತೋಟದ ಗುಮಾಸ್ತ), ಲೈನು (ಕೂಲಿಯವರ ಸಾಲುಮನೆ), ಹಣ್ಣು ಸುಲಿಯುವ ಪಲ್ಪರ್‌ಗಳನ್ನು ತೋಟದಲ್ಲಿ ಯಾರೂ ಇಂಗ್ಲಿಷೆಂದು ಎಣಿಸುವುದಿಲ್ಲ. ‘ರೈಟರು ಲೈನಿನ ಹತ್ರ ಅವ್ರೆ’ ಎಂದಾಗ ಹೆಸರುಗಳೆರಡು ಹೊರಗಿನವು. ವಿಭಕ್ತಿ, ಕ್ರಿಯಾಪದ, ಮರ್ಯಾದೆಯ ಬಹುವಚನ ಎಲ್ಲ ಕನ್ನಡದ್ದೇ. ಫಾರ್ವರ್ಡ್ ‘ಮಾಡು’ವಿನ ಕೈ ಹಿಡಿದು, ಟ್ರೋಲ್ ‘ಆಗು’ವಿನ ಕೈ ಹಿಡಿದು ಅದೇ ದಾರಿಯಲ್ಲಿ ಒಳಗೆ ಬಂದಿವೆ. ಈ ಕಡೆಯ ಒಂದು ಕಾಡಾನೆ ಹಿಂಡಿಗೆ ಸುದ್ದಿಯಲ್ಲೂ ಮೊಬೈಲಿನಲ್ಲೂ ಬಿದ್ದ ಹೆಸರು ‘ಬೀಟಮ್ಮ ಗ್ಯಾಂಗ್’. ಹಿಂಡು ಹೋಗಿ ಗ್ಯಾಂಗ್ ಬಂತು, ನಿಜ. ಆನೆಗೆ ‘ಅಮ್ಮ’ ಸೇರಿಸುವ ರೂಢಿ ಮಾತ್ರ ಎಲ್ಲೂ ಹೋಗಲಿಲ್ಲ.

ಆದ್ದರಿಂದ ನೋಡಬೇಕಾದ್ದು ಬಂದ ಪದಗಳನ್ನಲ್ಲ, ಸಾಧನಗಳನ್ನು. ಎಸ್ಸೆಮ್ಮೆಸ್ ಕಾಲದಲ್ಲಿ ಒಂದು ಸಂದೇಶಕ್ಕೆ ಇಂಗ್ಲಿಷ್ ಲಿಪಿಯಲ್ಲಿ 160 ಅಕ್ಷರ ಹಿಡಿಸುತ್ತಿತ್ತು, ಕನ್ನಡ ಲಿಪಿಯಲ್ಲಿ ಬರೆದರೆ 70 ಸಂಕೇತಗಳಷ್ಟೇ. ಅದರಲ್ಲೂ ಕಾಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ: ‘ಹೆತ್ತೂರು’ ಓದುವಾಗ ಮೂರಕ್ಷರ, ಯಂತ್ರಕ್ಕೆ 8 ಸಂಕೇತ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವ ಚಾಳಿಗೆ ಭಾಷಾಭಿಮಾನದ ಕೊರತೆಯೊಂದೇ ಕಾರಣವೆಂದು ಬೈಯುವವರು ಈ ಲೆಕ್ಕವನ್ನೂ ನೋಡಬೇಕು. ಆ ಬರಹದಲ್ಲಿ ನ–ಣ, ಲ–ಳ ಒಂದಾದವು. ಆನೆಯೂ ಆಣೆಯೂ ಒಂದೇ ಆದವು. ಆದರೂ ತೋಟದವರಿಗೆ ಗಲಿಬಿಲಿಯಾಗಲಿಲ್ಲ, ಬೆಳಗಿನ ಜಾವ ಯಾರೂ ಆಣೆಯ ಸುದ್ದಿ ಕಳಿಸುವುದಿಲ್ಲವಲ್ಲ! ಲಿಪಿ ಬಿಟ್ಟುಕೊಟ್ಟ ವ್ಯತ್ಯಾಸವನ್ನು ನಾಲಿಗೆ ಉಳಿಸಿಕೊಂಡಿತು.

ಲೊಕೇಶನ್ ಕಳಿಸುವ ಸೌಲಭ್ಯದ ಕಥೆ ಬೇರೆ. ಆಲೂರಿನ ಸುತ್ತಮುತ್ತ 2014ರ ಸುಮಾರಿಗೆ 22 ಆನೆಗಳನ್ನು ಹಿಡಿದು ಸಾಗಿಸಿದರೂ ಈ ಸೀಮೆಯಲ್ಲಿ ಆನೆ ಕಾಟ ನಿಲ್ಲಲಿಲ್ಲ. ಆನೆ ಎಲ್ಲಿದೆ ಎಂಬುದೇ ಇಲ್ಲಿ ಕೆಲಸಕ್ಕೆ ಹೊರಡುವ ಮುಂಚಿನ ಪ್ರಶ್ನೆ. ಬಾಯಲ್ಲಿ ಉತ್ತರ ಹೇಳುವಾಗ ಹಡ್ಲು, ಕಾನು, ಬೋರೆ, ಕೆರೆಕೋಡಿ, ಕಣದ ಮೇಲ್ಗಡೆ, ಹಾಲುವಾಣ ಮರಗಳ ಸಾಲು ಎಂದೆಲ್ಲ ಹೇಳಲೇಬೇಕು. ನಕ್ಷೆಯ ಮೇಲಿನ ಕೆಂಪು ಗುರುತು ಕಳಿಸಿದರೆ ಇದ್ಯಾವುದೂ ಬೇಡ. ಹೊಸ ಪದ ಬಂದರೆ ಕಿವಿಗೆ ತಟ್ಟುತ್ತದೆ, ಜಗಳವಾಗುತ್ತದೆ. ಹೇಳುವ ಅಗತ್ಯವೇ ತಪ್ಪಿದ ಪದ ಸದ್ದಿಲ್ಲದೆ ಹಿಂದೆ ಸರಿಯುತ್ತದೆ.

ಜೀವ ಉಳಿಸುವ ಗುರುತಿನ ಮುಂದೆ ಹಡ್ಲು ಎಂಬ ಮಾತಿಗೆ ಮರುಗುವುದು ಪಂಡಿತರ ಚಪಲವಲ್ಲವೇ ಎಂದು ಕೇಳಬಹುದು. ಜೀವಕ್ಕಿಂತ ಪದ ದೊಡ್ಡದಲ್ಲ ಎಂಬುದನ್ನು ಒಪ್ಪೋಣ. ಆದರೆ ಆ ಗುರುತು ಸಾಮಾನ್ಯವಾಗಿ ತೋರಿಸುವುದು ಕಳಿಸಿದವರ ಫೋನ್ ಇರುವ ಜಾಗವನ್ನು, ಆನೆ ಇರುವ ಜಾಗವನ್ನಲ್ಲ. ಹಡ್ಲು ಎಂದರೆ ಬೇಸಾಯ ಬಿಟ್ಟು ಹುಲ್ಲು ಬೆಳೆದ ತಗ್ಗಿನ ಗದ್ದೆ. ಆನೆ ಅಲ್ಲಿದೆ ಎಂದರೆ ಮೇವಿದೆ, ನೀರು ಹತ್ತಿರವಿದೆ, ಬಿಸಿಲೇರಿದರೆ ಪಕ್ಕದ ತೋಟದ ನೆರಳಿಗೆ ಹತ್ತೀತು ಎಂಬಷ್ಟೂ ಆ ಎರಡಕ್ಷರದಲ್ಲೇ ಬಂತು. ಗುರುತು ಒಂದು ಬಿಂದು. ಪದ ಆ ಜಾಗದ ಗುಣವನ್ನೂ ಹೇಳುತ್ತದೆ. ರೇಡಿಯೊ ಕಾಲರ್ ತೊಟ್ಟ ಆನೆಯ ಬಿಂದು ಖಚಿತವೆನ್ನಿ, ಆದರೆ ಎಲ್ಲ ಆನೆಗೂ ಕಾಲರ್ ಇಲ್ಲ.

ಸಾಧನಗಳೆಲ್ಲ ಒಂದೇ ಕಡೆ ಎಳೆಯುವುದೂ ಇಲ್ಲ. ವಾಟ್ಸಾಪಿಗೆ 2013ರಲ್ಲಿ ದನಿ ಸಂದೇಶ ಬಂದ ಮೇಲೆ ಕಾಗುಣಿತಕ್ಕೆ ಅಂಜುತ್ತಿದ್ದವರಿಗೂ ಮಾತು ಕಳಿಸುವುದು ಸಲೀಸಾಯಿತು. ‘ಇದ್ದಾರೆ’ ಎಂದು ತಿದ್ದಿಕೊಳ್ಳದೆ ‘ಅವ್ರೆ’ ಎಂದೇ ಹೇಳಬಹುದು. ಆದರೆ ನೂರು ದನಿ ಸಂದೇಶಗಳಲ್ಲಿ ಹಡ್ಲಿನ ಸುದ್ದಿ ಯಾವುದರಲ್ಲಿತ್ತೆಂದು ಹುಡುಕುವುದು ಕಷ್ಟ. ಇನ್ನು ಆನೆ ಬಂದಿದೆಯೆಂದು ಊರಿಗೆಲ್ಲ ತಿಳಿಸುವ ಸಂದೇಶಕ್ಕೆ ಬರೀ ಗುರುತು ಸಾಲುವುದಿಲ್ಲ, ಊರಿನ ಹೆಸರು, ತೋಟದ ಹೆಸರು ಬೇಕೇ ಬೇಕು. ಕತ್ತಲಲ್ಲಿ ನಡೆದು ಬರುವವರು ನಕ್ಷೆ ತೆರೆದು ನೋಡುತ್ತಾ ನಿಲ್ಲುವುದಿಲ್ಲ. ‘ಕೆರೆಕೋಡಿ ಕಡೆ ಬರಬೇಡಿ’ ಎಂದರೆ ಕಾಲು ತಾನಾಗಿ ಬೇರೆ ದಾರಿ ಹಿಡಿಯುತ್ತದೆ.