ಉಕ್ಕಿನ ಟಗರೂ ರೈಫಲಿನ ಸೈಟೂ

ಮಾವಿನ ಮರಕ್ಕೆ ಕಲ್ಲೆಸೆಯುವ ಹುಡುಗನನ್ನು ಗಮನಿಸಿರಿ. ಹತ್ತಿರದ ಗೊಂಚಲಿಗಾದರೆ ನೇರವಾಗಿ ಎಸೆಯುತ್ತಾನೆ; ದೂರದ್ದಕ್ಕಾದರೆ ಗೊಂಚಲಿಗಿಂತ ಮೇಲಕ್ಕೆ ಗುರಿಯಿಡುತ್ತಾನೆ. ಈ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಿಲ್ಲ. ರೈಫಲಿನಿಂದ ಹೊರಟ ಗುಂಡೂ ಆ ಕಲ್ಲಿನಂತೆಯೇ ಬೀಳುತ್ತ ಬೀಳುತ್ತ ಮುಂದೆ ಸಾಗುತ್ತದೆ. ಆದರೆ ಅಲ್ಲಿ ಅಂದಾಜು ಸಾಲದು, ಲೆಕ್ಕ ಬೇಕು. ಈ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡ ಒಂದು ಪಂದ್ಯವಿದೆ.

ಅದರ ತವರು ಮೆಕ್ಸಿಕೋ ದೇಶ. ಹಿಂದಿನ ಕಾಲದಲ್ಲಿ ಅಲ್ಲಿನ ಜಾತ್ರೆ ಉತ್ಸವಗಳಲ್ಲಿ ಜೀವಂತ ಕೋಳಿ, ಟಗರುಗಳನ್ನು ದೂರದಲ್ಲಿ ಕಟ್ಟಿ ಅವುಗಳಿಗೆ ಗುಂಡು ಹೊಡೆಯುವ ಪದ್ಧತಿಯಿತ್ತು. 1948ರ ಸುಮಾರಿಗೆ ಆ ಮೂಕಪ್ರಾಣಿಗಳ ಜಾಗದಲ್ಲಿ ಅವುಗಳ ಆಕಾರಕ್ಕೆ ಕತ್ತರಿಸಿದ ಉಕ್ಕಿನ ತಗಡುಗಳು ಬಂದು ನಿಂತವು. ಪಂದ್ಯದ ರುಚಿ ಕೆಡಲಿಲ್ಲ, ಪ್ರಾಣಿಗಳು ಉಳಿದುಕೊಂಡವು. ಇದು ಒಳ್ಳೆಯ ಬದಲಾವಣೆಯೆಂದೇ ನನ್ನ ಎಣಿಕೆ. ಅಲ್ಲಿಂದ ಈ ಪಂದ್ಯ ಅಮೆರಿಕಕ್ಕೆ ಹಬ್ಬಿ, 1973ರಲ್ಲಿ ಅಲ್ಲಿನ ರಾಷ್ಟ್ರೀಯ ರೈಫಲ್ ಸಂಘದ ಮನ್ನಣೆ ಪಡೆಯಿತು.

ದೊಡ್ಡ ರೈಫಲಿನ ಪಂದ್ಯದಲ್ಲಿ ಕೋಳಿ 200 ಮೀಟರ್, ಹಂದಿ 300, ಟರ್ಕಿ ಕೋಳಿ 385, ಟಗರು 500 ಮೀಟರ್ ದೂರದಲ್ಲಿ ನಿಲ್ಲುತ್ತವೆ. ಎನ್.ಸಿ.ಸಿ. ವಿದ್ಯಾರ್ಥಿಗಳಿಗೆ ಪರಿಚಯವಿರುವ ಪಾಯಿಂಟ್ 22 ಅಳತೆಯ ಗುಂಡಿನಲ್ಲಿ ಆಡುವಾಗ ತಗಡಿನ ಅಳತೆಯನ್ನೂ ದೂರವನ್ನೂ ಐದನೇ ಒಂದು ಪಾಲಿಗೆ ಇಳಿಸುತ್ತಾರೆ. ಆಗ ದೂರಗಳು 40, 60, 77, 100 ಮೀಟರ್. ಹೀಗೆ ಎರಡನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿದ್ದರಿಂದ ಕಣ್ಣಿಗೆ ತಗಡು ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತದೆ. ರೇಖಾಗಣಿತದ ಸಮರೂಪ ತ್ರಿಭುಜಗಳನ್ನು ನೆನಪಿಸಿಕೊಂಡರೆ ಕಾರಣ ಹೊಳೆದೀತು. ಸ್ಪರ್ಧಿ ಎದ್ದು ನಿಂತು, ಯಾವ ಆಸರೆಯೂ ಇಲ್ಲದೆ ಹೊಡೆಯಬೇಕು. ಗುಂಡು ತಾಗಿದರೆ ಸಾಲದು, ತಗಡು ಪೀಠದಿಂದ ಉರುಳಬೇಕು. ಉರುಳಿದರೆ ಒಂದು ಅಂಕ, ಇಲ್ಲದಿದ್ದರೆ ಸೊನ್ನೆ.

ಇನ್ನು ಸೈಟಿನ ವಿಚಾರ. ಸೈಟು ಎಂದೊಡನೆ ಬೆಂಗಳೂರಿನವರಿಗೆ ಮನೆ ಕಟ್ಟುವ ಜಾಗ ನೆನಪಾದೀತು! ಇಲ್ಲಿ ಸೈಟೆಂದರೆ ನಳಿಕೆಯ ಮೇಲೆ ಕೂಡಿಸಿದ, ಗುರಿ ನೋಡುವ ಸಾಧನ. ಕಣ್ಣಿನ ಬಳಿ ಸಣ್ಣ ರಂಧ್ರ, ನಳಿಕೆಯ ತುದಿಯಲ್ಲಿ ಒಂದು ಕಡ್ಡಿ ಅಥವಾ ಬಳೆ ಇರುವುದು ಒಂದು ಬಗೆ. ಒಳಗೆ ಅಡ್ಡಗೆರೆ ಉದ್ದಗೆರೆಗಳಿರುವ ದುರ್ಬೀನು ಇನ್ನೊಂದು ಬಗೆ.

ನೋಟದ ಗೆರೆ ನೇರ, ಗುಂಡಿನ ದಾರಿ ಬಾಗಿದ್ದು. ಇವೆರಡನ್ನೂ ಗುರಿಯ ಮೇಲೆ ಕೂಡಿಸುವುದೇ ಸೈಟು ಹೊಂದಿಸುವ ಕೆಲಸ. ಪಾಯಿಂಟ್ 22 ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಿಂದ ಹೊರಟಿತೆಂದು ಇಟ್ಟುಕೊಳ್ಳೋಣ. ದಾರಿಯಲ್ಲಿ ಗಾಳಿ ಅದನ್ನು ತಡೆಯುವುದರಿಂದ 40 ಮೀಟರಿಗೆ ಸೆಕೆಂಡಿನ ಎಂಟನೇ ಒಂದು ಪಾಲು, 77 ಮೀಟರಿಗೆ ಕಾಲು ಸೆಕೆಂಡು, 100 ಮೀಟರಿಗೆ ಸೆಕೆಂಡಿನ ಮೂರನೇ ಒಂದು ಪಾಲು ಬೇಕಾಗುತ್ತದೆ. ಮೇಲಿನಿಂದ ಬಿಟ್ಟ ವಸ್ತು ಎಷ್ಟು ಬೀಳುತ್ತದೆಂಬ ಸೂತ್ರವನ್ನು ಹತ್ತನೆಯ ತರಗತಿಯವರು ಬಲ್ಲರು. ಅದರಂತೆ ನಳಿಕೆಯ ನೇರದಿಂದ ಗುಂಡು ಕೋಳಿಯ ಬಳಿ ಸುಮಾರು 7.7 ಸೆಂಟಿಮೀಟರ್, ಹಂದಿಯ ಬಳಿ 18, ಟರ್ಕಿಯ ಬಳಿ 30.6, ಟಗರಿನ ಬಳಿ 54 ಸೆಂಟಿಮೀಟರ್ ಕೆಳಗಿರುತ್ತದೆ. ದೂರ ಎರಡೂವರೆ ಪಟ್ಟು ಹೆಚ್ಚಿದರೆ ಬೀಳುವಿಕೆ ಏಳು ಪಟ್ಟು! ಕೋಳಿಗೆ ಹೊಂದಿಸಿದ ಸೈಟಿನಿಂದಲೇ ಟಗರಿಗೆ ಹೊಡೆದರೆ ಗುಂಡು ಗುರಿಯಿಂದ ಸುಮಾರು 29 ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಆ ಪುಟ್ಟ ಟಗರಿನ ಎತ್ತರ ಒಂದು ಗೇಣೂ ಇಲ್ಲ. ಎಷ್ಟೇ ಸ್ಥಿರವಾದ ಕೈಯಿದ್ದರೂ ಗುಂಡು ಅದರ ಕಾಲ ಕೆಳಗಿನ ಮಣ್ಣಿಗೇ ಸರಿ.

ಮೊದಲಿಗೆ ರೈಫಲು ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ಬೋಲ್ಟನ್ನು ಹೊರತೆಗೆದು, ರೈಫಲನ್ನು ಮರಳಿನ ಚೀಲಗಳ ಮೇಲೆ ಅಲುಗಾಡದಂತೆ ಇಡಬೇಕು. ಹಿಂದಿನಿಂದ ನಳಿಕೆಯೊಳಗೆ ಇಣುಕಿದರೆ ಇಪ್ಪತ್ತೈದು ಮೀಟರಿನಾಚೆಯ ಕಾಗದದ ಗುರಿ ದುಂಡಗೆ ಕಾಣುತ್ತದೆ. ರೈಫಲನ್ನು ಕದಲಿಸದೆ ಸೈಟನ್ನೂ ಅದೇ ಬಿಂದುವಿಗೆ ತಿರುಗಿಸಿದರೆ ಒರಟು ಹೊಂದಾಣಿಕೆ ಆಯಿತು. ತರುವಾಯ 40 ಮೀಟರಿನಲ್ಲಿ ಕಾಗದವನ್ನಿಟ್ಟು, ಚೀಲಗಳ ಆಸರೆಯಲ್ಲೇ ಐದು ಗುಂಡು ಹೊಡೆಯುವುದು. ಒಂದೇ ಗುಂಡನ್ನು ನೋಡಿ ಸೈಟು ತಿರುಗಿಸಬಾರದು. ಅದು ಹೊಡೆದವನ ಉಸಿರಿನ ತಪ್ಪೂ ಆಗಿದ್ದೀತು. ಐದು ತೂತುಗಳ ನಡುಬಿಂದು ಎಲ್ಲಿದೆಯೆಂದು ಅಳೆಯಬೇಕು.

ದುರ್ಬೀನಿನ ತಿರುಗುಗುಂಡಿಯ ಮೇಲೆ ಸಾಮಾನ್ಯವಾಗಿ ಕಾಲು ಮಿನಿಟಿನ ಗೀಟುಗಳಿರುತ್ತವೆ. ಈ ಮಿನಿಟು ಗಡಿಯಾರದ್ದಲ್ಲ, ಕೋನದ್ದು: ಒಂದು ಡಿಗ್ರಿಯ ಅರುವತ್ತನೇ ಒಂದು ಪಾಲು. 100 ಮೀಟರ್ ದೂರದಲ್ಲಿ ಅದು 2.9 ಸೆಂಟಿಮೀಟರಿನಷ್ಟಾಗುತ್ತದೆ. ಹಾಗಾದರೆ 40 ಮೀಟರಿನಲ್ಲಿ ಒಂದು ಗೀಟಿಗೆ ಸುಮಾರು 3 ಮಿಲಿಮೀಟರ್. ತೂತುಗಳು 3 ಸೆಂಟಿಮೀಟರ್ ಕೆಳಗಿದ್ದರೆ ಹತ್ತು ಗೀಟು ಮೇಲಕ್ಕೆ ತಿರುಗಿಸಿ, ಮತ್ತೆ ಐದು ಗುಂಡು ಹೊಡೆದು ನೋಡಬೇಕು.

ದುರ್ಬೀನಿಲ್ಲದ ರೈಫಲಿನಲ್ಲಿ ಹೊಸಬರು ಗಲಿಬಿಲಿಗೊಳ್ಳುವ ಜಾಗವೊಂದಿದೆ. ಗುಂಡು ಯಾವ ಕಡೆಗೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಬೇಕು. ಮುಂದಿನ ಸೈಟನ್ನಾದರೆ ಅದಕ್ಕೆ ವಿರುದ್ಧ ದಿಕ್ಕಿಗೆ. ಎರಡರ ನಡುವಿನ ಅಂತರ 60 ಸೆಂಟಿಮೀಟರ್ ಇರುವಲ್ಲಿ 100 ಮೀಟರ್ ದೂರದ 10 ಸೆಂಟಿಮೀಟರ್ ತಪ್ಪನ್ನು ತಿದ್ದಲು ಬೇಕಾದುದು ಕೇವಲ 0.6 ಮಿಲಿಮೀಟರ್! ಸುತ್ತಿಗೆಯಿಂದ ತಟ್ಟಿ ಸರಿಮಾಡುವವರು ಇದನ್ನು ಯೋಚಿಸಬೇಕು.

ಕೋಳಿಗೆ ಸರಿಹೊಂದಿದ ಮೇಲೆ ಅದನ್ನು ಸೊನ್ನೆಯೆಂದು ಗುರುತಿಸಿ, ಉಳಿದ ಮೂರು ದೂರಗಳಲ್ಲೂ ಕಾಗದವಿಟ್ಟು ಹೊಡೆದು ನೋಡುತ್ತಾರೆ. ದುರ್ಬೀನು ನಳಿಕೆಗಿಂತ 4 ಸೆಂಟಿಮೀಟರ್ ಮೇಲಿದ್ದರೆ, ನಮ್ಮ ಲೆಕ್ಕದಂತೆ ಕೋಳಿಯಿಂದ ಹಂದಿಗೆ 10 ಗೀಟು, ಅಲ್ಲಿಂದ ಟರ್ಕಿಗೆ 11, ಅಲ್ಲಿಂದ ಟಗರಿಗೆ 18 ಗೀಟು ಏರಿಸಬೇಕು. ಆದರೆ ಲೆಕ್ಕ ದಾರಿ ತೋರಿಸುತ್ತದೆ ಅಷ್ಟೆ. ಕೊನೆಯ ಮಾತು ಕಾಗದದ ಮೇಲಿನ ತೂತಿನದು. ತೋಟೆಯ ತಯಾರಿಕೆ ಬದಲಾದರೆ ಅಂಕೆಗಳೂ ಬದಲಾಗುತ್ತವೆ. ಆದುದರಿಂದ ಅನುಭವಸ್ಥರು ರೈಫಲು, ತೋಟೆ, ಹವೆ, ಗೀಟು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಟಗರಿನಿಂದ ಕೋಳಿಗೆ ಸೈಟನ್ನು ಇಳಿಸಿ ಮತ್ತೊಮ್ಮೆ ಹೊಡೆದೂ ನೋಡುತ್ತಾರೆ. ತಿರುಪು ಸವೆದಿದ್ದರೆ ಸೊನ್ನೆ ಮೊದಲಿನ ಜಾಗಕ್ಕೆ ಮರಳುವುದಿಲ್ಲ.

ಹಾಗೆಂದು ಇದೆಲ್ಲ ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಅವರು 10 ಮೀಟರ್ ಏರ್ ರೈಫಲಿನಲ್ಲಿ ಚಿನ್ನ ಗೆದ್ದ ಕಥೆಯನ್ನು ಎಲ್ಲರೂ ಕೇಳಿರುವಿರಿ. ಅಂತಿಮ ಸುತ್ತಿಗೆ ಮುಂಚಿನ ಪರೀಕ್ಷೆಯ ಗುಂಡು ಗುರಿಯ ನಡುವಿನಿಂದ ಬಹುದೂರ ಬಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಸೈಟು ಕದಲಿದೆಯೆಂದು ಅರಿತು, ಇದ್ದ ಅಲ್ಪ ಸಮಯದಲ್ಲೇ ಸರಿಪಡಿಸಿಕೊಂಡರು. ಅವರ ಕೊನೆಯ ಗುಂಡಿಗೆ 10.8 ಅಂಕ ಬಂತು.

ಹೆತ್ತವರಿಗೆ ಒಂದು ಮಾತು. ಪಾಯಿಂಟ್ 22 ಗುಂಡು ಚಿಕ್ಕದಾದರೂ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲುದು. ಉಕ್ಕಿಗೆ ತಾಗಿದ ಸೀಸದ ಚೂರುಗಳು ಹಿಂದಕ್ಕೂ ಸಿಡಿಯುತ್ತವೆ. ಹಿಂದೆ ಮಣ್ಣಿನ ದಿಬ್ಬವಿರುವ ಅಧಿಕೃತ ಬಯಲಿನಲ್ಲಿ, ಕನ್ನಡಕ ಧರಿಸಿ, ಬಲ್ಲವರ ಕಣ್ಣೆದುರಿನಲ್ಲಿ ಮಾತ್ರ ಆಡತಕ್ಕ ಆಟವಿದು. ಮನೆಯಲ್ಲಿರುವ ಕೋವಿಯಿಂದ ಪ್ರಯೋಗ ಮಾಡುವಂಥದ್ದಲ್ಲ.

ಕೊನೆಯದಾಗಿ ಟಗರಿನ ವಿಚಾರ. 100 ಮೀಟರ್ ತಲುಪುವಾಗ ಚಿಕ್ಕ ಗುಂಡಿನ ಕಸುವು ತಗ್ಗಿರುತ್ತದೆ. ಟಗರಿನ ಕಾಲಿಗೆ ತಾಗಿದರೆ ಠಣ್ಣೆಂದು ಸದ್ದಾಗಿ, ತಗಡು ತುಸು ತಿರುಗಿ, ನಿಂತೇ ಇರುವುದುಂಟು. ಬಾಗಿಲನ್ನು ತಿರುಗಣಿಯ ಪಕ್ಕದಲ್ಲಿ ತಳ್ಳುವುದಕ್ಕೂ ಅಂಚಿನಲ್ಲಿ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ. ಆದುದರಿಂದ ಹಲವರು ಟಗರಿನ ಗುರಿಯನ್ನು ಹೊಟ್ಟೆಗಲ್ಲ, ಹೆಗಲಿನ ಮೇಲ್ಭಾಗಕ್ಕೆ ಇಡುತ್ತಾರೆ.