ಮನೆಯ ದುರಸ್ತಿಯೂ ಮಾತು ತಪ್ಪುವ ಗುತ್ತಿಗೆದಾರನೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆಯ ದುರಸ್ತಿಯ ಮಾತನ್ನು ಎತ್ತಲಿಲ್ಲ. ಹೊಸ ಮನೆ ಕಟ್ಟಿಸುವವನಿಗೆ ಕೆಲಸ ಮುಗಿಯುವವರೆಗೆ ಬೇರೊಂದು ಸೂರಿರುತ್ತದೆ. ದುರಸ್ತಿ ಮಾಡಿಸುವವನಾದರೋ ಅಗೆದ ಗೋಡೆಗಳ ನಡುವೆಯೇ ಉಂಡು ಮಲಗಬೇಕು. ಆದುದರಿಂದ ಗುತ್ತಿಗೆದಾರನು ಮಾತು ತಪ್ಪಿದರೆ ಅದರ ಕ್ಲೇಶವು ಮನೆಮಂದಿಗೆಲ್ಲ ತಟ್ಟುವುದು.

ಈ ತೊಡಕು ಇಂದಿನದಲ್ಲ. ೧೯೦೯ರಲ್ಲಿ ಮೈಸೂರಿನ ಶ್ರೀ ಆರ್. ಶಾಮಶಾಸ್ತ್ರಿಗಳು ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಾಲ್ಕನೆಯ ಅಧಿಕರಣವು ಕುಶಲಕರ್ಮಿಗಳ ವಿಷಯದಿಂದಲೇ ಆರಂಭವಾಗುತ್ತದೆ. ಸ್ಥಳ, ಕಾಲ, ಕಾರ್ಯ ಈ ಮೂರನ್ನೂ ನಿಶ್ಚಯಿಸಿಕೊಂಡು ಕೆಲಸ ಮಾಡತಕ್ಕದ್ದೆಂದೂ, ಗಡುವು ಮೀರಿದವನ ಕೂಲಿಯಲ್ಲಿ ಕಾಲು ಭಾಗವನ್ನು ಕಳೆದು ಅದರ ಎರಡರಷ್ಟು ದಂಡ ವಿಧಿಸತಕ್ಕದ್ದೆಂದೂ ಅಲ್ಲಿ ಹೇಳಿದೆ. ದಂಡದ ಮಾತು ಹಾಗಿರಲಿ. ಆ ಮೂರು ನಿಶ್ಚಯಗಳಿಲ್ಲದ ಕರಾರು ಇಂದಿಗೂ ಕರಾರಲ್ಲವೆಂದೇ ತಿಳಿಯಬೇಕು.

ನಮ್ಮ ಬೀದಿಯ ವೃದ್ಧ ದಂಪತಿಗಳು ಸೋರುವ ತಾರಸಿಯನ್ನು ಸರಿಪಡಿಸಲು ಬೇಸಗೆಯಲ್ಲಿ ಒಬ್ಬ ಗುತ್ತಿಗೆದಾರನಿಗೆ ಮುಕ್ಕಾಲು ಹಣವನ್ನು ಮುಂಗಡವಾಗಿ ಕೊಟ್ಟರು. ಆಳುಗಳು ನಾಲ್ಕು ದಿನ ಬಂದು ಹಳೆಯ ಗಾರೆಯನ್ನೆಲ್ಲ ಕಿತ್ತುಹಾಕಿ ಹೋದರು. ಅನಂತರ ಒಮ್ಮೆ ಮೇಸ್ತ್ರಿಗೆ ಜ್ವರ, ಒಮ್ಮೆ ಊರ ಹಬ್ಬ, ಒಮ್ಮೆ ಮರಳಿನ ಅಭಾವ. ಹೀಗೆ ‘ನಾಳೆ’ಗಳು ಕಳೆಯುತ್ತಿರಲು ಮುಂಗಾರು ಹಿಡಿಯಿತು, ಅಡಿಗೆಮನೆಯಲ್ಲಿ ಕೊಳದಪ್ಪಲೆಗಳನ್ನು ಸಾಲಾಗಿ ಇಟ್ಟು ಇಬ್ಬರೂ ಇರುಳೆಲ್ಲ ನೀರು ಚೆಲ್ಲಿದರು. ಅವರ ಪುಣ್ಯಕ್ಕೆ, ಮಾಡಬೇಕಾದ ಕೆಲಸವನ್ನೂ ಕೊಟ್ಟ ಹಣವನ್ನೂ ಆಕೆ ಒಂದು ನೋಟುಪುಸ್ತಕದಲ್ಲಿ ಬರೆದು ಅವನ ರುಜು ಪಡೆದಿದ್ದಳು. ಬೇರೊಬ್ಬ ಮೇಸ್ತ್ರಿಯಿಂದ ಉಳಿದ ಕೆಲಸವನ್ನು ಅಳತೆ ಮಾಡಿಸಿ, ಲೆಕ್ಕವನ್ನೂ ರುಜುವಿನ ನಕಲನ್ನೂ ಕಳುಹಿಸಿದ ಮೇಲೆ, ಆತನು ಎರಡು ಕಂತುಗಳಲ್ಲಿ ಹಣದ ಬಹುಭಾಗವನ್ನು ಹಿಂದಿರುಗಿಸಿದನು.

ಆದುದರಿಂದ ಗೃಹಸ್ಥರು ಮೊದಲೇ ಬರೆಯಿಸಿಕೊಳ್ಳತಕ್ಕವು ಇವು: ಕೆಲಸದ ಅಳತೆ, ಸಾಮಗ್ರಿ ಯಾರದು, ಕಿತ್ತ ಮಣ್ಣುಕಲ್ಲುಗಳನ್ನು ಸಾಗಿಸುವವರು ಯಾರು, ಮುಗಿಯುವ ತಾರೀಖು ಯಾವುದು. ಮುಂಗಡವು ಮೊದಲ ಸಾಮಗ್ರಿಗೆ ಸಾಲುವಷ್ಟಿದ್ದರೆ ಸಾಕು. ಉಳಿದುದನ್ನು ಕೆಲಸ ಮುಗಿದಷ್ಟಕ್ಕೆ ಕೊಡಬೇಕು. ಸಿಮೆಂಟಿನ ಕೆಲಸಕ್ಕೆ ಕಡಿಮೆಯೆಂದರೆ ೭ ದಿನ ನೀರುಣಿಸಬೇಕು. ಅವಸರದವನು ಇದನ್ನೇ ಮೊದಲು ಬಿಡುವನು. ತಾರಸಿಯಾದರೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಚಾವಣಿ ಒಣಗಿರುವುದನ್ನು ನೋಡಿದ ಮೇಲೆಯೇ ಕಡೆಯ ಕಂತು ಸಲ್ಲಬೇಕು.

ಇಷ್ಟಾದರೂ ಆತನು ತಪ್ಪಿದರೆ ಕೂಗಾಡಿ ಫಲವಿಲ್ಲ. ಹೊಸಬನು ಕೈ ಹಚ್ಚುವ ಮುನ್ನ ಕೆಲಸದ ಛಾಯಾಚಿತ್ರಗಳನ್ನು ತೆಗೆದಿಡಿ. ಕಡೆಯ ಗಡುವನ್ನು ತಿಳಿಸಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳುಹಿಸಿ ರಸೀತಿಯನ್ನು ಜೋಪಾನಮಾಡಿ. ೧೮೭೨ರ ಕರಾರು ಕಾಯಿದೆಯಂತೆ ಬಾಯಿಮಾತಿನ ಕರಾರೂ ಸಿಂಧುವೇ, ಆದರೆ ರುಜುವಾತು ಕಷ್ಟ. ಕರಾರು ಮುರಿದುದರಿಂದಾದ ನಷ್ಟವನ್ನು ಕೇಳುವ ಹಕ್ಕು ಅದರ ೭೩ನೆಯ ಪ್ರಕರಣದಲ್ಲಿದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಹಣ ೫ ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದು. ಮೊದಲ ಸಲಹೆಗೆ ೧೯೧೫ ಎಂಬ ದೂರವಾಣಿ ಸಂಖ್ಯೆಯಿದೆ.

ಗೃಹಸ್ಥನ ಧರ್ಮವನ್ನೂ ಮರೆಯಲಾಗದು. ಒಪ್ಪಿದ ಕೆಲಸದ ಮೇಲೆ ದಿನಕ್ಕೊಂದು ಹೊಸ ಕೆಲಸವನ್ನು ಹೇರಿ, ಅದಕ್ಕೆ ಹಣ ಕೊಡೆನೆನ್ನುವುದು ನ್ಯಾಯವಲ್ಲ. ಗುತ್ತಿಗೆದಾರನ ಮೇಲಣ ಕೋಪವನ್ನು ಕಲ್ಲು ಹೊರುವ ಆಳಿನ ಮೇಲೆ ತೀರಿಸುವುದೂ ಸಲ್ಲದು. ಅವನ ಕೂಲಿಯೂ ಅಲ್ಲಿಯೇ ಸಿಕ್ಕಿಬಿದ್ದಿರಬಹುದು. ಹೇಳಿದ ದಿನ ಹಣ ಕೊಡುವ ಮನೆಗೆ ಒಳ್ಳೆಯ ಮೇಸ್ತ್ರಿಯು ಮುಂದಿನ ಮಳೆಗಾಲಕ್ಕೂ ಕರೆದೊಡನೆ ಬರುವನು.